ರೇಷ್ಮೆ ದೊರೆಯ ಮಿ ಪಾರೆ

ಊಟಕ್ಕೆ ಕೂತಾಗ ಮೊದಲ ತುತ್ತು ಬಾಯಿಗಿಟ್ಟು ನಾನು "ಮಿ ಪಾರೆ" ಎನ್ನುತ್ತೇನೆ. ನನ್ನ ಹೆಂಡತಿ ಗೌರಮ್ಮ ಸೌಟು ಹಿಡಿದುಕೊಂಡು ಎದುರಿಗೇ ನಿಂತಿರುತ್ತಾಳೆ. ಎರಡನೆಯ ತುತ್ತು ನುಂಗಿ "ಬ್ವೋನೊ" ಎಂದು ಸೇರಿಸಿದ ಮೇಲೆಯೇ ಅವಳು ಸೌಟನ್ನು ಸಾರಿನ ಪಾತ್ರೆಗೆ ಇಳಿಸುವುದು. ನಮ್ಮ ಮನೆಯಲ್ಲಿ ಇದು ಎಷ್ಟೋ ವರ್ಷದಿಂದ ನಡೆದುಕೊಂಡು ಬಂದಿದೆ. ಹೋದ ವಾರ ಹೊಸದಾಗಿ ಪರಿಚಯವಾದ ಮೇಷ್ಟ್ರೊಬ್ಬರು ಊಟಕ್ಕೆ ಬಂದಿದ್ದರು. ನಾನು "ಮಿ ಪಾರೆ" ಎಂದ ಕೂಡಲೇ ಅದು ನಮ್ಮ ಮನೆತನದ ಯಾವುದೋ ಮಂತ್ರವಿರಬೇಕೆಂದುಕೊಂಡು, ಪಾಪ, ಮುದ್ದೆ ಮುರಿದ ಕೈಯನ್ನು ಹಾಗೇ ಹಿಡಿದು ಕಣ್ಣು ಮುಚ್ಚಿ ಕೂತುಬಿಟ್ಟರು. ಗೌರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು.

ಇದು ಇಟಲಿಯ ಭಾಷೆ ಎಂದು ಹೇಳಿದ ಮೇಲಂತೂ ಅವರಿಗೆ ನನ್ನ ಮೇಲೆ ಇನ್ನಷ್ಟು ಅನುಮಾನ ಬಂತು. ಅವರ ತಪ್ಪೇನಿಲ್ಲ. ಚಳ್ಳಕೆರೆಯಲ್ಲಿ ಕಂಬಳಿ ಸಿಗುತ್ತದೆ, ಎಣ್ಣೆ ಸಿಗುತ್ತದೆ, ಬಿಸಿಲಂತೂ ಬೇಡವೆಂದರೂ ಸಿಗುತ್ತದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದು ಮುದುಕನಾದ ಮನುಷ್ಯನ ಬಾಯಲ್ಲಿ ಇಟಲಿಯ ಮಾತು ಸಿಗುತ್ತದೆ ಎಂದರೆ ಯಾರು ನಂಬುತ್ತಾರೆ? ನನಗೆ ಬರುವ ಇಟಲಿಯೂ ನಾಲ್ಕಾರು ಮಾತು ಅಷ್ಟೆ. ಆ ನಾಲ್ಕಾರು ಮಾತೂ ಒಂದೇ ಕೆಲಸಕ್ಕೆ ಬರುವಂಥವು. ಒಂದು ವಸ್ತುವನ್ನು ನೋಡಿ, ಇದು ಚೆನ್ನಾಗಿರಬಹುದು ಎಂದು ಅನ್ನಿಸಿ, ಆದರೂ ಪೂರ್ತಿ ಬಾಯಿ ಬಿಡುವುದಕ್ಕೆ ಮನಸ್ಸು ಇನ್ನೂ ಒಪ್ಪದೆ ಇರುವಾಗ ಆಡುವ ಮಾತುಗಳು. ಮಿ ಪಾರೆ ಎಂದರೆ 'ನನಗೆ ಹಾಗನ್ನಿಸುತ್ತದೆ' ಎಂದು. ಬ್ವೋನೊ ಎಂದರೆ ಒಳ್ಳೆಯದು. ಎರಡರ ನಡುವೆ ಒಂದು ತುತ್ತಿನಷ್ಟು ಜಾಗ ಇರಬೇಕು.

ಈ ಭಾಷೆ ನಮ್ಮಪ್ಪನಿಗೆ ಗೊತ್ತಿದ್ದರೆ ಎಷ್ಟು ಹಿಡಿಸುತ್ತಿತ್ತೋ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಅಪ್ಪ ಕಂಬಳಿ ನೇಯುತ್ತಿದ್ದ. ನನ್ನ ಬಾಲ್ಯಕ್ಕೆಲ್ಲ ಉಣ್ಣೆಯ ವಾಸನೆ, ಹುಣಸೆ ಬೀಜದ ಗಂಜಿಯ ವಾಸನೆ. ಅಂಗಳದಲ್ಲಿ ಹೊಸ ಕಂಬಳಿ ಹರಡಿ ಅಪ್ಪ ಕುಂಚದಿಂದ ಗಂಜಿ ಹಚ್ಚುತ್ತಿದ್ದರೆ, ಒಣಗಿದ ಇನ್ನೊಂದು ಕಂಬಳಿಯ ಕೆಳಗೆ ನುಸುಳಿ ಮಲಗುವುದು ನನ್ನ ಚಟ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಕತ್ತಲು. ನೇಯ್ಗೆಯ ಸಂದಿನಿಂದ ಸಣ್ಣ ಸಣ್ಣ ಬೆಳಕು ಮುಖದ ಮೇಲೆ ಬೀಳುತ್ತಿತ್ತು. ಅವುಗಳನ್ನು ಎಣಿಸುತ್ತಾ ನಿದ್ದೆ ಹೋಗುತ್ತಿದ್ದೆ. ಅವ್ವ ಬಂದು ಕಾಲು ಹಿಡಿದು ಎಳೆಯುವವರೆಗೆ ನನಗೆ ಲೋಕದ ಪರಿವೆ ಇರುತ್ತಿರಲಿಲ್ಲ.

ಅಪ್ಪನ ಬಾಯಲ್ಲಿ ಹೊಗಳಿಕೆ ಎಂಬುದು ಇರಲೇ ಇಲ್ಲ. ಬಹಳ ಮೆಚ್ಚಿದರೆ "ಆಗ್ತದೆ ಬಿಡು" ಎನ್ನುತ್ತಿದ್ದ. ನಾನು ಪರೀಕ್ಷೆಯಲ್ಲಿ ತಾಲ್ಲೂಕಿಗೇ ಮೊದಲಿಗನಾಗಿ ಪಾಸಾದ ದಿನ ಸ್ಕೂಲಿನಿಂದ ಒಂದೇ ಉಸಿರಿಗೆ ಓಡಿ ಬಂದು ಹೇಳಿದೆ. ಅಪ್ಪ ಕುಂಚ ಎತ್ತಲಿಲ್ಲ, ತಿರುಗಿಯೂ ನೋಡಲಿಲ್ಲ. "ಆಗ್ತದೆ ಬಿಡು" ಎಂದ. ಅವ್ವ ಬೆಲ್ಲ ಕೊಟ್ಟಳು. ಬೆಲ್ಲ ತಿಂದೆ, ಆದರೆ ಆ 'ಆಗ್ತದೆ ಬಿಡು' ಗಂಟಲಲ್ಲೇ ಉಳಿಯಿತು. ಮುಂದೆ ಕಚೇರಿಯಲ್ಲಿ ಕೆಲಸ ಸಿಕ್ಕಿ, ಮೊದಲ ದಿನ ರುಮಾಲು ಸುತ್ತಿಕೊಂಡು, ಕೋಟು ತೊಟ್ಟು ಅಪ್ಪನ ಮುಂದೆ ಹೋಗಿ ನಿಂತೆ. ಇವತ್ತಾದರೂ ಏನಾದರೂ ಅನ್ನುತ್ತಾನೆ ಎಂದು ಆಸೆ. ಅಪ್ಪ ಕಾಲಿನಿಂದ ತಲೆಯವರೆಗೆ ನೋಡಿದ. "ಪರ್ವಾಗಿಲ್ಲ. ರುಮಾಲು ಸ್ವಲ್ಪ ಎಡಕ್ಕೆ ವಾಲೈತೆ" ಎಂದು ಬೆರಳು ತೋರಿಸಿದ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಅದನ್ನು ಸರಿಮಾಡಿಕೊಳ್ಳದೆ ಹಾಗೇ ಕಚೇರಿಗೆ ಹೋದೆ. ಆ ಬೇಸಿಗೆಯಲ್ಲೇ ಅಪ್ಪ ತೀರಿಕೊಂಡ. ಆಮೇಲೂ ನಾನು ಹಠಕ್ಕೆ ಬಿದ್ದವನಂತೆ ರುಮಾಲನ್ನು ಎಡಕ್ಕೇ ವಾಲಿಸಿ ಸುತ್ತುತ್ತಿದ್ದೆ. ಸತ್ತವರ ಮೇಲೆ ಹಠ ಸಾಧಿಸುವ ಮೂರ್ಖ ನಾನೊಬ್ಬನೇ ಇರಲಾರೆ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತೇನೆ.

ಎಲ್ಲಿಂದ ಎಲ್ಲಿಗೋ ಬಂದೆ. ಇಟಲಿಯ ಮಾತಿಗೆ ಹೋಗೋಣ.

ಆ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ಇರಬೇಕು. ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳನ್ನು ನೋಡುವುದಕ್ಕೆಂದು ಇಟಲಿ ದೇಶದವರೊಬ್ಬರು ಚಿತ್ರದುರ್ಗದ ಕಡೆಯಿಂದ ಚಳ್ಳಕೆರೆಗೆ ಬಂದಿಳಿದರು. ಅವರ ಹೆಸರು ನನ್ನ ನಾಲಗೆಗೆ ಹತ್ತಲಿಲ್ಲ. ಬಿಳಿಯರೆಲ್ಲ ನಮ್ಮ ಜನಕ್ಕೆ ದೊರೆಗಳೇ ಆದ್ದರಿಂದ ಇವರು ರೇಷ್ಮೆ ದೊರೆಯಾದರು. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ನನ್ನದು ಪುಸ್ತಕದ ಇಂಗ್ಲಿಷು. ಆದರೂ ಕಚೇರಿಯಲ್ಲಿ ಬೇರೆ ಯಾರೂ ಸಿಗದೆ ಅಮಲ್ದಾರರು ನನ್ನನ್ನೇ ದುಭಾಷಿ ಎಂದು ಜೊತೆಗೆ ಕಳಿಸಿದರು. ಬುಡನ್ ಸಾಬಿಯ ಕಮಾನು ಗಾಡಿ. ಹೊದೆಯಲು ಅಪ್ಪ ನೇಯ್ದ ಕಂಬಳಿ. ಎರಡು ದಿನದ ದಾರಿ.

ಆ ಎರಡು ದಿನ ನೆನೆದರೆ ಈಗಲೂ ಮೈ ತೂಗಿದಂತಾಗುತ್ತದೆ. ಎತ್ತಿನ ಕೊರಳ ಗಂಟೆ, ಕೊಯ್ದ ಸಜ್ಜೆ ಹೊಲಗಳು, ಎಲ್ಲೋ ಒಂದು ಜಾಲಿ ಮರ, ಅದರ ನೆರಳಲ್ಲಿ ಒತ್ತಾಗಿ ನಿಂತ ಕುರಿಗಳು. ಗಾಡಿ ಮುಂದೆ ಹೋಗುತ್ತಿದೆಯೋ, ಹೊಲಗಳೇ ಹಿಂದೆ ಸರಿಯುತ್ತಿವೆಯೋ ತಿಳಿಯದಂಥ ಒಂದು ಮಂಪರು. ದೊರೆ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಏನು ಕಂಡರೂ ತಟ್ಟನೆ ಚೆನ್ನಾಗಿದೆ ಎನ್ನುವ ಮನುಷ್ಯನಲ್ಲ. ತಳಕಿನಲ್ಲಿ ಊಟಕ್ಕೆ ಇಳಿದಾಗ ನವಣೆ ಅನ್ನ, ಹುರುಳಿ ಸಾರು ಕೊಟ್ಟರು. ಒಂದು ತುತ್ತು ತಿಂದು "ಮಿ ಪಾರೆ…" ಎಂದು ನಿಲ್ಲಿಸಿದರು. ಅಡುಗೆಯವನ ಮುಖ ಬಾಡಿತು. ಇನ್ನೊಂದು ತುತ್ತು ತಿಂದು "ಬ್ವೋನೊ" ಎಂದರು. ಆಮೇಲೆ ಆ ಸಾರನ್ನು ಅವರು ಎಷ್ಟು ಸಲ ಹಾಕಿಸಿಕೊಂಡರು ಎಂದು ನಾನು ಹೇಳುವುದಿಲ್ಲ.

ಕೊಂಡ್ಲಹಳ್ಳಿ ದಾಟಿ ಹೋಗುವಾಗ ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಕಂಡಿತು. ಇಳಿಹೊತ್ತು. ಬಂಡೆಗಳಿಗೆಲ್ಲ ಅರಿಸಿನ ಬಳಿದ ಹಾಗಿತ್ತು. ನಮ್ಮ ಸೀಮೆಯ ಬೆಟ್ಟ ಎಂಬ ಹೆಮ್ಮೆಯಿಂದ ಕೈ ತೋರಿಸಿದೆ. ದೊರೆ ನೋಡಿದರು. "ನೊನ್ ಚೆ ಮಾಲೆ" ಎಂದರು. ಹಾಗೆಂದರೇನು ಎಂದು ಕೇಳಿದರೆ, ಕೆಟ್ಟದ್ದೇನಿಲ್ಲ ಎಂದರ್ಥವಂತೆ! ನನಗೆ ಮುಖಕ್ಕೆ ಹೊಡೆದಂತಾಯಿತು. ಎರಡು ಹೊಲ ದಾಟುವಷ್ಟು ದೂರ ಅವರು ಕತ್ತು ತಿರುಗಿಸಿಕೊಂಡು ಬೆಟ್ಟವನ್ನೇ ನೋಡುತ್ತಿದ್ದು, ಕೊನೆಗೆ ಮೆಲ್ಲಗೆ "ಮಿ ಪಾರೆ ಬೆಲ್ಲೊ" ಎಂದರು. ಚೆಂದ ಅನ್ನಿಸುತ್ತದೆ ಎಂದು ನಾನು ಬುಡನ್ ಸಾಬಿಗೆ ಅರ್ಥ ಹೇಳಿದೆ.

ಬುಡನ್ ಸಾಬಿ ಎತ್ತಿನ ಬಾಲ ಮುರಿಯುತ್ತಾ, "ಏನ್ ಗುಮಾಸ್ತ್ರೇ, ಒಂದು ಬೆಟ್ಟ ಪಾಸು ಮಾಡೋಕೆ ಇಷ್ಟೊಂದು ದೇರ್ ಮಾಡ್ತಾರೆ ನಿಮ್ ದೊರೆ! ಹೆಣ್ಣು ನೋಡೋಕೆ ಹೋಗಿದ್ರೆ ಮದ್ವೇನೇ ಆಗ್ತಿರ್ಲಿಲ್ಲ ಬಿಡ್ರಿ" ಎಂದ.

ಮೊಳಕಾಲ್ಮೂರಿನಲ್ಲಿ ನಾವು ನೋಡಬೇಕಾಗಿದ್ದ ಮಗ್ಗಗಳಲ್ಲಿ ಮೊದಲನೆಯದು ಓಬಯ್ಯನದು. ಅರವತ್ತು ದಾಟಿದ ಮುದುಕ. ಊರಿನಲ್ಲೆಲ್ಲ ಕೈಗೆ ಹೆಸರಾದವನು. ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕೂತಿದ್ದ. ಬದನೆಕಾಯಿ ಬಣ್ಣದ ಸೀರೆ, ಅಂಚಿನಲ್ಲಿ ಗಿಳಿಗಳು. ದೊರೆ ಹೊರಗೆ ಕೈಕಾಲು ತೊಳೆಯುತ್ತಿದ್ದಾಗ ಓಬಯ್ಯ ನನ್ನನ್ನು ಹತ್ತಿರ ಕರೆದ. ಆಗ ನೋಡಿದೆ. ಅವನ ಕಣ್ಣಿಗೆ ಪೊರೆ ಬಂದಿತ್ತು.

"ಗುಮಾಸ್ತ್ರೇ, ಒಂದು ಉಪಕಾರ ಮಾಡ್ರಿ" ಎಂದ. "ಕಣ್ಣು ಮಂಜಾಗೈತೆ. ಲಾಳಿ ಅಳಿಯನ ಕೈಗೆ ಕೊಟ್ಟು ಸುಮ್ನಿರು ಅಂತಾರೆ ಮನ್ಯಾಗೆ. ಕೆಟ್ಟಿದ್ರೆ ಕೊಡ್ತೀನಿ, ನಂದೇನೂ ಹಠ ಇಲ್ಲ. ಆದ್ರೆ ನೇಯ್ಗೆ ಕೆಟ್ಟೈತೋ ಇಲ್ವೋ ಅಂತ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ. ಕೇಳಿದ್ರೆ 'ಆಗ್ತದೆ ಬಿಡು ಓಬಣ್ಣ' ಅಂತಾರೆ."

ಇಲ್ಲಿ ಒಂದು ವಿಷಯ ಹೇಳಬೇಕು. ಮಗ್ಗದ ಮೇಲಿರುವ ಬಟ್ಟೆಯನ್ನು ಚೆನ್ನಾಗಿದೆ ಎಂದು ಯಾರೂ ಹೇಳಬಾರದು. ಅದು ನೇಯುವವರ ಶಾಸ್ತ್ರ. ದೃಷ್ಟಿ ತಾಕುತ್ತದೆ, ಎಳೆ ಹರಿಯುತ್ತದೆ. ಬಟ್ಟೆ ಮಗ್ಗದಿಂದ ಇಳಿದು, ಮಡಿಕೆಯಾಗಿ ದೇವರ ಮುಂದೆ ಕೂತ ಮೇಲೆ ಎಷ್ಟು ಬೇಕಾದರೂ ಹೊಗಳಬಹುದು. ಅಲ್ಲಿಯವರೆಗೆ 'ಆಗ್ತದೆ', 'ಪರವಾಗಿಲ್ಲ', 'ನೋಡೋಣ', ಇಷ್ಟೇ. ಯಾರಾದರೂ ಬಾಯಿ ತಪ್ಪಿ ಹೊಗಳಿದರೆ ಉಪ್ಪು ನಿವಾಳಿಸಿ, ಆ ದಿನದ ಮಟ್ಟಿಗೆ ಮಗ್ಗ ನಿಲ್ಲಿಸುತ್ತಾರೆ.

"ಅವರು ಆಗ್ತದೆ ಅನ್ನೋದು ಶಾಸ್ತ್ರಕ್ಕೋ, ಮುದುಕ ನೊಂದ್ಕಂತಾನೆ ಅನ್ನೋ ಕನಿಕರಕ್ಕೋ, ನಂಗೆ ಹೆಂಗೆ ತಿಳೀಬೇಕು?" ಎಂದ ಓಬಯ್ಯ. "ಈ ದೊರೆ ರೇಷ್ಮೆ ತಿಳಿದೋನಂತೆ. ಅವನಿಗೆ ನಮ್ ಶಾಸ್ತ್ರ ಇಲ್ಲ, ನನ್ ಮೇಲೆ ಕನಿಕರಾನೂ ಇಲ್ಲ. ಅವನೇನಂತಾನೋ ಅದನ್ನ ಹಂಗಂಗೇ ನನ್ ಕಿವೀಲಿ ಹೇಳ್ರಿ. ಹೊಗಳಿದ್ರೂ ಅವನ ಭಾಷೆ ನಮ್ಮೂರ ದೃಷ್ಟಿಗೆ ತಿಳಿಯಂಗಿಲ್ಲ ಬಿಡ್ರಿ."

ದೊರೆ ಒಳಗೆ ಬಂದರು. ಬಾಗಿಲ ಬೆಳಕಿಗೆ ಬಗ್ಗಿ, ಕನ್ನಡಕ ಏರಿಸಿ ಇಳಿಸಿ, ಬಹಳ ಹೊತ್ತು ನೋಡಿದರು. ಓಬಯ್ಯನ ಹೆಂಡತಿ, ಅಳಿಯ, ಅಕ್ಕಪಕ್ಕದ ಮನೆಯವರು ಎಲ್ಲ ನಿಂತಿದ್ದರು. ಓಬಯ್ಯ ಮುಖವನ್ನು ದೊರೆ ಇರುವ ಕಡೆಗೆ ತಿರುಗಿಸಿ ಕೂತಿದ್ದ. ಆ ಮುಖ ನನಗೆ ಗೊತ್ತಿತ್ತು. ಹೊಸ ಕೋಟು ತೊಟ್ಟು ಅಪ್ಪನ ಮುಂದೆ ನಿಂತಾಗ ನನ್ನ ಮುಖವೂ ಹಾಗೇ ಇದ್ದಿರಬೇಕು.

"ಮಿ ಪಾರೆ… ಬೆಲ್ಲಾ" ಎಂದರು ದೊರೆ.

ಇದ್ದದ್ದನ್ನು ಇದ್ದ ಹಾಗೆ ಕಿವಿಯಲ್ಲಿ ಹೇಳಬೇಕಾಗಿತ್ತು. ಆದರೆ 'ಅನ್ನಿಸುತ್ತದೆ' ಎಂಬ ಆ ಒಣ ಮಾತನ್ನು ಆ ಮುಖಕ್ಕೆ ಹೇಗೆ ಹೇಳಲಿ? ಅಷ್ಟು ವರ್ಷ ಇಂಥ ಮಾತು ಕೇಳಿಸಿಕೊಂಡು ಬೆಂದವನು ನಾನು. ಎಲ್ಲರಿಗೂ ಕೇಳುವ ಹಾಗೆ ಕೂಗಿಬಿಟ್ಟೆ. "ಬಾಳ ಚೆನ್ನಾಗೈತಂತೆ ಓಬಯ್ಯ! ಇಂಥಾ ಸೀರೆ ಅವರ ದೇಶದಾಗೂ ಇಲ್ಲಂತೆ!"

"ಅಯ್ಯೋ ದೇವುಡಾ!" ಎಂದು ಓಬಯ್ಯನ ಹೆಂಡತಿ ಉಪ್ಪು ತರಲು ಒಳಗೆ ಓಡಿದಳು. ನೆರೆಯವರು ನನ್ನನ್ನು ದುರುಗುಟ್ಟಿ ನೋಡಿದರು. ನೇಯುವವರ ಮನೆಯಲ್ಲಿ ಹುಟ್ಟಿ, ನಾಲ್ಕಕ್ಷರ ಇಂಗ್ಲಿಷು ಕಲಿತ ಮಾತ್ರಕ್ಕೆ ಇಷ್ಟು ಮರೆಯಬಹುದೇ? ಹೊರಗಿನವನಾದ ದೊರೆ ತಪ್ಪದ ಜಾಗದಲ್ಲಿ ಮಗ್ಗದವನ ಮಗ ನಾನು ತಪ್ಪಿದ್ದೆ.

ಓಬಯ್ಯ ಸಿಟ್ಟಾಗಲಿಲ್ಲ. ಲಾಳಿಯನ್ನು ಪಕ್ಕಕ್ಕಿಟ್ಟ. "ಆತ ಆಡಿದ್ದು ಎಲ್ಡ್ ಮೂರು ಮಾತು. ನೀವು ಹೇಳಿದ್ದು ಒಂದು ಗಾಡಿ" ಎಂದ. "ಕಣ್ಣು ಮಂಜಾಗೈತೆ ಗುಮಾಸ್ತ್ರೇ, ಕಿವಿ ಸರಿಯಾಗೇ ಐತೆ. ನೀವೂ ಕನಿಕರ ಪಟ್ರಿ. ನಂಗೆ ತಿಳೀತು." ಗುಣಿಯಿಂದ ಕೈಯೂರಿ ಎದ್ದ. ಲಾಳಿಯನ್ನು ಗೋಡೆಯ ಗೂಡಿನಲ್ಲಿಟ್ಟು ಅಳಿಯನ ಕಡೆ ತಿರುಗಿ, "ನಾಳೆಯಿಂದ ನೀನು ಕೂತ್ಕಳಪ್ಪ" ಎಂದು ಹೇಳಿ ಹಿತ್ತಿಲಿಗೆ ಹೋದ.

ಹೊರಗೆ ಹೊಂಗೆ ಮರದ ಕೆಳಗೆ ದೊರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಹೊಂಗೆಯ ಎಲೆಯೊಂದನ್ನು ಬೆರಳಲ್ಲಿ ಹೊರಳಿಸುತ್ತಾ ತಮ್ಮ ತಾಯಿಯ ಮಾತು ತೆಗೆದರು. ಆಕೆ ಊರಿನಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುತ್ತಿದ್ದಳಂತೆ. ಇಡೀ ದಿನ ಬಿಸಿನೀರಲ್ಲಿ ಕೈ. ಮಗ ಏನು ಮಾಡಿ ತೋರಿಸಿದರೂ 'ಮಿ ಪಾರೆ' ಎಂದೇ ಅನ್ನುತ್ತಿದ್ದಳಂತೆ. ತಟ್ಟನೆ ಚೆನ್ನಾಗಿದೆ ಎನ್ನುವವನಿಗೆ ಮನೆಗೆ ಹೋಗುವ ಅವಸರ ಇರುತ್ತದೆ, ಅನ್ನಿಸುತ್ತದೆ ಎನ್ನುವವನು ಇನ್ನೊಂದು ಸಲ ನೋಡುತ್ತಾನೆ ಎಂದು ಆಕೆ ಹೇಳುತ್ತಿದ್ದಳಂತೆ. "ನಾಳೆ ಇನ್ನೊಂದು ಸಲ ನೋಡೋಣ" ಎಂದರು ದೊರೆ.

ಮಾರನೆಯ ಬೆಳಿಗ್ಗೆ ಹೋದೆವು. ಅಳಿಯ ಗುಣಿಯಲ್ಲಿ ಕೂತಿದ್ದ. ಓಬಯ್ಯ ಗೋಡೆಗೆ ಒರಗಿ, ಬರಿಗೈಯನ್ನು ತೊಡೆಯ ಮೇಲೆ ಚಾಚಿಕೊಂಡಿದ್ದ. ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಈ ಸಲ ಕಿವಿಯಲ್ಲಿ ಹೇಳಿದೆ. "ನಿನ್ನೆ ನಾನು ಸುಳ್ಳು ಹೇಳ್ದೆ. ದೊರೆ ಅಂದದ್ದು ಇಷ್ಟೇ. ಚೆಂದ ಅನ್ನಿಸ್ತೈತೆ ಅಂತ."

"ಅನ್ನಿಸ್ತೈತೆ ಅಂದ್ನಾ?"

"ಹೂಂ."

"ಐತೆ ಅನ್ಲಿಲ್ಲ?"

"ಇಲ್ಲ."

ಓಬಯ್ಯ ನೆಟ್ಟಗೆ ಕೂತ. "ಹಂಗಾದ್ರೆ ಅವನಿಗೆ ಏನೋ ಕಂಡೈತೆ. ಏನದು, ಕೇಳ್ರಿ."

ಕೇಳಿದೆ. ದೊರೆ ಸ್ವಲ್ಪ ಹಿಂಜರಿದರು. ಆಮೇಲೆ ಮಗ್ಗದ ಮೇಲೆ ಬಗ್ಗಿ, ಅಂಚಿನ ಗಿಳಿಯಿಂದ ಒಂದು ಗೇಣು ಈಚೆಗೆ ಉಗುರಿಟ್ಟರು. ಅಲ್ಲಿ ಹೊಕ್ಕಿನ ಎರಡು ಎಳೆ ಕೂದಲಷ್ಟು ಸಡಿಲ. ಅಳಿಯ ಬಗ್ಗಿ ಬಗ್ಗಿ ನೋಡಿ, "ನಂಗೇನೂ ಕಾಣಂಗಿಲ್ಲ ಮಾಮ" ಎಂದ. ನನಗೂ ಕಾಣಲಿಲ್ಲ. ಅಷ್ಟರಲ್ಲಿ ಓಬಯ್ಯ ಎದ್ದು ಬಂದು ಬಟ್ಟೆಯ ಮೇಲೆ ಕೈಯಾಡಿಸಿದ್ದ. ಅವನ ಬೆರಳು ನೇರವಾಗಿ ದೊರೆಯ ಉಗುರಿನ ಪಕ್ಕಕ್ಕೆ ಹೋಗಿ ನಿಂತಿತು.

"ಇದೇ ತಾನೆ? ಮೊನ್ನೆ ಲಾಳಿ ತೊಡರಿತ್ತು. ನನ್ ಬೆರಳಿಗೆ ಅವತ್ತೇ ಸಿಕ್ಕಿತ್ತು. ಇಷ್ಟು ಜನ ನೋಡಿದ್ರು, ಒಬ್ರೂ ಹೇಳ್ಲಿಲ್ಲ." ಬೆರಳನ್ನು ಅಲ್ಲಿಂದ ತೆಗೆಯದೆ ನನ್ನ ಕಡೆ ತಿರುಗಿದ. "ಇನ್ನೆಲ್ಲಾದ್ರೂ ಐತಾ ಕೇಳ್ರಿ."

ದೊರೆ ನೇಯ್ದಷ್ಟನ್ನೂ ಗೇಣು ಗೇಣಾಗಿ ನೋಡಿಕೊಂಡು ಹೋದರು. ಕೊನೆಗೆ ತಲೆಯಾಡಿಸಿ, ಬೇರೆಲ್ಲೂ ಇಲ್ಲ ಎಂದರು.

"ತಪ್ಪು ತೋರ್ಸೋನು ಮಿಕ್ಕಿದ್ದನ್ನೂ ನೋಡಿರ್ತಾನೆ" ಎಂದ ಓಬಯ್ಯ. "ಏಳಪ್ಪ ಅಳಿಯ, ಈ ಸೀರೆ ನಾನೇ ಇಳಿಸ್ತೀನಿ." ಗುಣಿಗೆ ಇಳಿದು ಕೂತ. ಅಳಿಯ ಗೂಡಿನಿಂದ ಲಾಳಿ ತಂದು ಕೊಟ್ಟ. ಮಗ್ಗದ ಸದ್ದು ಶುರುವಾಯಿತು. ದೊರೆ ಗೋಡೆಗೆ ಒರಗಿ ನಿಂತು ಅದನ್ನು ಕೇಳುತ್ತಿದ್ದರು. ಹೊರಡುವಾಗ ಓಬಯ್ಯ ಆ ಮಾತನ್ನು ನನ್ನಿಂದ ಹೇಳಿಸಿಕೊಂಡು, ದೊರೆಯ ಕಡೆ ಮುಖವೆತ್ತಿ "ಮಿ ಪಾರೆ" ಎಂದ. ದೊರೆ ಟೋಪಿ ಬಿದ್ದು ಹೋಗುವಷ್ಟು ನಕ್ಕರು.

ಅವರು ಅಲ್ಲಿಂದ ರಾಯದುರ್ಗಕ್ಕೆ ಹೋಗಿ ರೈಲು ಹತ್ತಿದರು. ಆಮೇಲೆ ಯುದ್ಧ ಬಂತು. ಅವರು ಏನಾದರೋ ತಿಳಿಯದು. ನಾನು ಬುಡನ್ ಸಾಬಿಯ ಗಾಡಿಯಲ್ಲಿ ಚಳ್ಳಕೆರೆಗೆ ವಾಪಸು ಬಂದೆ. ದಾರಿಯುದ್ದಕ್ಕೂ ಕಂಬಳಿ ಹೊದ್ದು ಚೆನ್ನಾಗಿ ನಿದ್ದೆ ಮಾಡಿದೆ. ಬರೆಯುವಂಥದ್ದು ಏನೂ ನಡೆಯಲಿಲ್ಲ.

ಇಲ್ಲಿಗೆ ಮುಗಿಸಿದ್ದೆ. ಈಚೆಗೆ ನನ್ನ ಕಣ್ಣಿಗೂ ಪೊರೆ ಬರುತ್ತಿರುವುದರಿಂದ, ಬರೆದದ್ದನ್ನು ಗೌರಮ್ಮನ ಕೈಯಲ್ಲಿ ಓದಿಸುತ್ತೇನೆ. ಅವಳು ಹಜಾರದಲ್ಲಿ ಕೂತು ನಿಧಾನವಾಗಿ ಓದಿ ಮುಗಿಸಿದಳು. ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು "ಮಿ ಪಾರೆ" ಎಂದಳು. ನಾನು ಕಾದೆ. ಎರಡನೆಯ ಮಾತು ಬರಲಿಲ್ಲ.

"ಯಾಕೆ, ಬ್ವೋನೊ ಇಲ್ವಾ?"

"ಒಂದು ಎಳೆ ಸಡಿಲ ಬಿಟ್ಟೀರಿ."

"ಎಲ್ಲಿ?"

ಅವಳು ಕೊನೆಯ ಹಾಳೆಯ ಮೇಲೆ ಬೆರಳಿಟ್ಟಳು. "ಗಾಡಿಯಾಗೆ ನಿದ್ದೆ ಮಾಡ್ದೆ ಅಂತ ಬರ್ದೀರಲ್ಲ, ಇಲ್ಲಿ. ಮದ್ವೆಯಾದ ಹೊಸದ್ರಾಗೆ ನಂಗೆ ಹಂಗೆ ಹೇಳಿರ್ಲಿಲ್ಲ ನೀವು."

ಅವಳ ಬೆರಳಿಗೆ ಸಿಕ್ಕ ಮೇಲೆ ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ನಿದ್ದೆ ಮಾಡಲಿಲ್ಲ. ತಳಕು ದಾಟಿದ ಮೇಲೆ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದೆ. ನೇಯ್ಗೆಯ ಸಂದಿನಿಂದ ಬೆಳಕು ಬೀಳುತ್ತಿತ್ತು. ಅಪ್ಪನ ಉಣ್ಣೆಯ ವಾಸನೆ. ಆಗ ಹೊಳೆಯಿತು. ಅಪ್ಪ ನನ್ನನ್ನು ಒಮ್ಮೆಯೂ ಹೊಗಳಲಿಲ್ಲ, ಏಕೆಂದರೆ ನಾನು ಅವನ ಪಾಲಿಗೆ ಇನ್ನೂ ಮಗ್ಗದ ಮೇಲಿದ್ದೆ. ನನಗೆ ದೃಷ್ಟಿಯಾದೀತೆಂದು ಅವನಿಗೆ ಹೆದರಿಕೆ. ಪರೀಕ್ಷೆ ಪಾಸಾದ ದಿನ ಅವನು ತಿರುಗಿ ನೋಡದೆ ಇದ್ದದ್ದೂ ಅದಕ್ಕೇ ಇರಬೇಕು. ರುಮಾಲು ವಾಲಿದ್ದನ್ನು ಕಂಡವನು ನನ್ನನ್ನು ಎಷ್ಟು ನೋಡಿರಬೇಕು! ಇದೆಲ್ಲ ತಿಳಿದಾಗ ಹೇಳುವುದಕ್ಕೆ ಅಪ್ಪ ಇರಲಿಲ್ಲ. ಕಂಬಳಿಯೊಳಗೆ ಬಿಕ್ಕಿ ಬಿಕ್ಕಿ ಅತ್ತೆ.

"ಏನಾಯ್ತ್ರೀ ಗುಮಾಸ್ತ್ರೇ?" ಎಂದು ಮುಂದಿನಿಂದ ಬುಡನ್ ಸಾಬಿ ಕೇಳಿದ.

"ಏನಿಲ್ಲ ಸಾಬ್ರೇ, ಧೂಳು" ಎಂದೆ. ಎದ್ದು ಕೂತು, ಮುಖ ಒರೆಸಿಕೊಂಡು, ರುಮಾಲನ್ನು ಸ್ವಲ್ಪ ಬಲಕ್ಕೆ ಸರಿಸಿಕೊಂಡೆ.